ಬೆಂಝಿಗೆ ಶೀತ

ಉರ್ವ ಮಾರ್ಕೆಟ್ಟಿನ ಹಿಂದಿನ ನಮ್ಮ ಅಡ್ಡರಸ್ತೆಯಲ್ಲಿ ಎರಡು ಕಾರುಗಳು ಒಂದೇ ಅಂಗಳದಲ್ಲಿ ನಿಂತ ಆ ತಿಂಗಳು, ಸೈಕಲ್ ಕೂಡ ತುಳಿಯಲು ಬಾರದವರಿಗೂ ಕಾರಿನ ಬಗ್ಗೆ ಒಂದು ಅಭಿಪ್ರಾಯ ಇರಲೇಬೇಕಾಯಿತು.

ಒಂದು, ಮೊಯ್ದೀನಬ್ಬರ ಬೆಂಝ್. ಎಪ್ಪತ್ತರ ದಶಕದ್ದು, ಡೀಸೆಲ್, ಹಾಲಿನ ಕೆನೆಯ ಬಣ್ಣ, ಮೂತಿಯ ಮೇಲೆ ಮೂರು ಕಡ್ಡಿಯ ನಕ್ಷತ್ರ. ಬಂದರಿನಲ್ಲಿ ಕೊಬ್ಬರಿಯ ಸಗಟು ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಮುಂಬಯಿಯ ಒಬ್ಬ ಪಾರ್ಸಿ ವಕೀಲರಿಂದ ಅದನ್ನು ಕೊಂಡು, ತಾವೇ ಓಡಿಸಿಕೊಂಡು ಬಂದಿದ್ದರು. ಇನ್ನೊಂದು, ಅವರ ಮೊಮ್ಮಗ ಜಾಬಿರನದ್ದು. ತಂಗಿಯ ಮದುವೆಗೆಂದು ದುಬೈಯಿಂದ ಬಂದವನು ಬೆಂಗಳೂರಿನಲ್ಲಿ ಕಾರು ಕೊಂಡು, ಘಾಟಿ ಇಳಿಸಿ ತಂದಿದ್ದ. ಎರಡೇ ಸೀಟು, ಎರಡೇ ಬಾಗಿಲು, ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಅದರ ಹೆಸರನ್ನು ಹೇಗೆ ಉಚ್ಚರಿಸಬೇಕೆಂಬುದರಲ್ಲಿ ಒಮ್ಮತ ಮೂಡದ ಕಾರಣ ಅಡ್ಡರಸ್ತೆ ಅದನ್ನು ಬಣ್ಣದಿಂದಲೇ 'ಹಳದಿ' ಎಂದು ಕರೆಯಿತು.

ಹಳದಿ ಸ್ಟಾರ್ಟ್ ಆದರೆ ತೆಂಗಿನ ಮರದ ಕಾಗೆಗಳು ಒಟ್ಟಿಗೆ ಏಳುತ್ತಿದ್ದವು. ಬೆಂಝ್ ಹೊರಡುವಾಗ ಅವುಗಳಿಗೆ ಬೇಕಾದಷ್ಟು ಸಮಯವಿರುತ್ತಿತ್ತು. ಹಳೆಯ ಡೀಸೆಲ್ ಎಂಜಿನ್. ಕೀಯನ್ನು ಅರ್ಧ ತಿರುಗಿಸಿದರೆ ಎದುರಿಗೆ ಕಿತ್ತಳೆ ಬಣ್ಣದ ಪುಟ್ಟ ದೀಪವೊಂದು ಹೊತ್ತುತ್ತದೆ. ಒಳಗೆ ಬೆಚ್ಚಗಾಗುವವರೆಗೆ ಕಾದು, ದೀಪ ಆರಿದ ಮೇಲೆಯೇ ಕೀಯನ್ನು ಪೂರ್ತಿ ತಿರುಗಿಸಬೇಕು. ಮೊಯ್ದೀನಬ್ಬರು ಕಾಯುತ್ತಿದ್ದರು. ಪಕ್ಕದ ಸೀಟಿನಲ್ಲಿ ಹೆಂಡತಿ ಬೀಫಾತಿಮ್ಮ "ಬಿಸ್ಮಿಲ್ಲಾ" ಎನ್ನುತ್ತಿದ್ದರು. ಆಗ ಕಾರು ಸ್ಟಾರ್ಟ್ ಆಗುತ್ತಿತ್ತು. ದೇವರ ಹೆಸರು ಹೇಳಿ ಹೊರಡುವ ಕಾರು ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು.

ಹೊರಟ ಮೇಲೆ ಬೀಫಾತಿಮ್ಮ ಮಾತು ನಿಲ್ಲಿಸುತ್ತಿರಲಿಲ್ಲ. "ಅಗೋ, ಎಡಕ್ಕೆ ರಿಕ್ಷಾ. ಈ ನಾಯಿಗೆ ಮಲಗಲಿಕ್ಕೆ ಬೇರೆ ಜಾಗ ಇಲ್ಲವಾ? ಹಂಪ್ ಬಂತು. ಆ ಹುಡುಗಿ ಫೋನ್ ನೋಡಿಕೊಂಡೇ ರಸ್ತೆ ದಾಟ್ತಾಳೆ ನೋಡಿ." ಮದುವೆಯಾಗಿ ಐವತ್ತು ವರ್ಷ ಹೆಚ್ಚು ಮಾತಾಡದ ಹೆಂಗಸು ಈ ವಯಸ್ಸಿನಲ್ಲಿ ಬಾಕಿ ತೀರಿಸುತ್ತಿದ್ದಾರೆ ಎಂದು ನಾವು ನಗುತ್ತಿದ್ದೆವು.

ಆ ಬೆಂಝಿಗೆ ಒಂದು ಕೆಲಸವಿತ್ತು. ನಮ್ಮ ಅಡ್ಡರಸ್ತೆಯ ಯಾವ ಹುಡುಗಿಯ ಮದುವೆಯಾದರೂ ಅವಳು ಮನೆಯಿಂದ ಹಾಲ್‌ಗೆ ಹೋಗುವುದು ಅದರಲ್ಲಿ, ಮೊಯ್ದೀನಬ್ಬರ ಕೈಯಲ್ಲಿ. ಹಿಂದಿನ ಸೀಟಿಗೆ ಇಸ್ತ್ರಿ ಹಾಕಿದ ಬಿಳಿ ಬಟ್ಟೆ ಹಾಸಿ, ತಾವೂ ಬಿಳಿ ಅಂಗಿ, ಬಿಳಿ ಟೊಪ್ಪಿ ಹಾಕಿಕೊಂಡು ಅವರು ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಮೂಲೆಮನೆಯ ಶೆರ್ವಿನ್‌ನ ಅಕ್ಕ ಚರ್ಚಿಗೆ ಹೋದದ್ದು ಅದರಲ್ಲೇ, ಗೌನಿನ ಉದ್ದದ ಬಾಲ ಮಡಚದೆ ಹಿಡಿಸಿದ ಊರಿನ ಒಂದೇ ಕಾರು ಅದು. ಹಿಂದೂ ಮನೆಯವರು ಮುಂದಿನ ಚಕ್ರದ ಅಡಿಗೆ ನಿಂಬೆಹುಳಿ ಇಟ್ಟರೆ, "ಎರಡು ಇಡಿ, ಇದು ದೊಡ್ಡ ಕಾರು" ಎನ್ನುತ್ತಿದ್ದರು ಮೊಯ್ದೀನಬ್ಬರು.

ಎರಡು ವರ್ಷಗಳಿಂದ ಬೆಂಝಿನ ಆರೋಗ್ಯ ಸರಿಯಿರಲಿಲ್ಲ. ವಿಚಿತ್ರವೆಂದರೆ, ಮದುವೆಗಳ ದಿನ ಮಾತ್ರ. ಶುಕ್ರವಾರ ಮಸೀದಿಗೆ ಹೋಗುತ್ತಿತ್ತು, ಮೀನು ತರಲು ಹೋಗುತ್ತಿತ್ತು, ಮದುಮಗಳು ಕೂರಬೇಕೆಂದರೆ ಕಾಯಿಲೆ ಬೀಳುತ್ತಿತ್ತು. ಒಮ್ಮೆ ಬ್ಯಾಟರಿ, ಒಮ್ಮೆ ರೇಡಿಯೇಟರ್. ಕಳೆದ ವರ್ಷ ಎದುರುಮನೆಯ ಜಯಣ್ಣನ ಮಗಳು ಅನುಷ್ಕಾಳ ಮದುವೆ. ಜಯಣ್ಣ ಸಿಟಿ ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು. ಸಂಜೆಗಳನ್ನು ಮೊಯ್ದೀನಬ್ಬರ ಜಗಲಿಯಲ್ಲಿ ಕಳೆಯುತ್ತಿದ್ದವನು. ಅನುಷ್ಕಾ, ಜಾಬಿರನ ತಂಗಿ ಸಫಾಳ ಜೊತೆ ಆ ಕಾರಿನ ಹಿಂದಿನ ಸೀಟಿನಲ್ಲಿ 'ಮದುಮಗಳು' ಆಟ ಆಡಿ ಬೆಳೆದವಳು. ಮದುವೆಯ ಹಿಂದಿನ ದಿನ ಮೊಯ್ದೀನಬ್ಬರು ರಸ್ತೆ ದಾಟಿ ಬಂದು, "ಜಯಾ, ಕಾರಿಗೆ ಶೀತ" ಎಂದರು.

"ಶೀತವಾ?"

"ಎಂಜಿನ್ ಬಿಸಿ ಆಗುವುದಿಲ್ಲ ಮಾರಾಯ. ದಾರಿಯಲ್ಲಿ ನಿಂತರೆ ಮರ್ಯಾದೆ ಹೋಗ್ತದೆ."

ಅನುಷ್ಕಾ ಬಾಡಿಗೆಯ ಬಿಳಿ ಕಾರಿನಲ್ಲಿ ಹೋದಳು. ಆ ವಾರ ಮುಗಿಯುವುದರೊಳಗೆ ಬೆಂಝ್ ಮೀನಿನ ಚೀಲದೊಂದಿಗೆ ಅಡ್ಡರಸ್ತೆಗೆ ಮರಳಿತು. ಎಲ್ಲರೂ ನೋಡಿದರು. ಕೆಲವರು, "ಕಾಲ ಹಾಗೆ ಉಂಟು. ಈಗ ಅವರು ಅವರಿಗೆ, ನಾವು ನಮಗೆ" ಎಂದರು. ನಮ್ಮ ಊರಿನಲ್ಲಿ ಈ ಮಾತನ್ನು ಪೂರ್ತಿ ಮಾಡುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಜಯಣ್ಣ ಏನೂ ಹೇಳಲಿಲ್ಲ. ಸಂಜೆ ಜಗಲಿಗೆ ಬರುವುದನ್ನು ಬಿಟ್ಟ, ಅಷ್ಟೇ. ಅವನ ಹೆಂಡತಿ ಅಕ್ಕು ಪ್ರತಿ ಅಷ್ಟಮಿಗೆ ಎಲೆಯಲ್ಲಿ ಬೇಯಿಸಿ ಕಳಿಸುತ್ತಿದ್ದ ಮೂಡೆ ಕಡುಬು ಆ ವರ್ಷ ರಸ್ತೆ ದಾಟಲಿಲ್ಲ. ಪೆರ್ನಾಳ್ ಹಬ್ಬಕ್ಕೆ ಮೊಯ್ದೀನಬ್ಬರ ಮನೆಯಿಂದ ಹೋದ ಬಿರಿಯಾನಿಯ ಪಾತ್ರೆ ಖಾಲಿಯಾಗಿ ಮರಳಿತು. ಬಂದ ಪಾತ್ರೆಯನ್ನು ಖಾಲಿ ಕಳಿಸುವ ಪದ್ಧತಿ ಆ ಎರಡು ಮನೆಗಳಲ್ಲಿ ಇರಲಿಲ್ಲ. ಏನಿಲ್ಲವೆಂದರೂ ಒಂದು ಹಿಡಿ ಸಕ್ಕರೆ ಇರುತ್ತಿತ್ತು. ಈ ಸಲ ತೊಳೆದು, ಒರೆಸಿ, ಹೊಳಪು ಬರಿಸಿ ಕಳಿಸಿದ್ದರು. ಅಷ್ಟು ಸ್ವಚ್ಛವಾದ ಪಾತ್ರೆಯನ್ನು ಬೀಫಾತಿಮ್ಮ ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರಂತೆ.

ಈಗ ಸಫಾಳ ಸರದಿ. ಬಲ್ಮಠದ ಕಡೆಯ ಒಂದು ಹಾಲ್‌ನಲ್ಲಿ ನಿಖಾ. ಒಡವೆ, ಬಟ್ಟೆ, ಊಟದ ವಿಷಯದಲ್ಲಿ ಅವಳು ತಕರಾರು ಮಾಡಲಿಲ್ಲ. ಬೆಂಝಿನಲ್ಲಿ ಹೋಗಬೇಕು, ಅಜ್ಜನೇ ಓಡಿಸಬೇಕು, ಇಷ್ಟೇ. ಮೊಯ್ದೀನಬ್ಬರಿಗೂ ಜೀವನದಲ್ಲಿ ಇನ್ನು ಬೇಕಾದದ್ದು ಅದೊಂದೇ ಎಂದು ಅಡ್ಡರಸ್ತೆಗೆಲ್ಲ ಗೊತ್ತಿತ್ತು. ಊರ ಹುಡುಗಿಯರನ್ನೆಲ್ಲ ದಾಟಿಸಿದವರಿಗೆ ತಮ್ಮ ಮನೆಯವಳನ್ನು ದಾಟಿಸುವ ಆಸೆ. ತಕರಾರು ಜಾಬಿರನದ್ದು. ಎರಡು ವರ್ಷದಿಂದ ಪ್ರತಿ ಮದುವೆಗೂ ಕೈಕೊಟ್ಟ ಕಾರನ್ನು ನಂಬಿ ತಂಗಿಯನ್ನು ಕೂರಿಸುವುದು ಹೇಗೆ? ಹಳದಿ ಇರುವಾಗ?

ಹೀಗೆ ಜಗಲಿಯಲ್ಲಿ ಹೋಲಿಕೆ ಶುರುವಾಯಿತು.

"ಸೊನ್ನೆಯಿಂದ ನೂರಕ್ಕೆ ನಾಲ್ಕು ಸೆಕೆಂಡು ಅಜ್ಜ."

"ನೂರಕ್ಕೆ ಹೋದರೆ ಅಲ್ಲಿ ಎಂತ ಉಂಟು?"

"ಅಲ್ಲ, ನಿಮ್ಮದಕ್ಕೆ ಎಷ್ಟು ಬೇಕು ಹೇಳಿ."

"ನಾನು ನೂರಕ್ಕೆ ಹೋದದ್ದಿಲ್ಲ. ಕಾಪುವಿನ ಹತ್ತಿರ ಒಮ್ಮೆ ಎಂಬತ್ತಕ್ಕೆ ಹೋಗಿದ್ದೆ. ಇವಳು ಹಿಡಿದ ಕೈಯನ್ನು ಕುಂದಾಪುರದವರೆಗೆ ಬಿಡಲಿಲ್ಲ."

"ನಿಮ್ಮ ಕೈ ಅಲ್ಲ ನಾನು ಹಿಡಿದದ್ದು, ಬಾಗಿಲಿನದ್ದು" ಎಂದರು ಬೀಫಾತಿಮ್ಮ. ಹಳದಿಯಲ್ಲಿ ಒಂದು ಸಲ ಕೂತು ನೋಡಿದ್ದರು. "ಮಣೆ ಹಾಕಿ ಊಟಕ್ಕೆ ಕೂತ ಹಾಗೆ ಆಗ್ತದೆ ಮೋನೆ. ಏಳಿಸಲಿಕ್ಕೆ ಇಬ್ಬರು ಬೇಕು. ಇದರಲ್ಲಿ ಮದುಮಗಳನ್ನು ಇಳಿಸುವುದಾ, ಹೊರಗೆ ಎಳೆಯುವುದಾ?"

ಜಾಬಿರನಿಗೆ ಇನ್‌ಸ್ಟಾಗ್ರಾಮಿನಲ್ಲಿ ಕಾರುಗಳದ್ದೇ ಒಂದು ಪೇಜ್ ಇತ್ತು. ಹಳೆಯದು ಮತ್ತು ಹೊಸದು, ಎರಡನ್ನೂ ಒಂದೇ ದಿನ ಓಡಿಸಿ ವಿಡಿಯೋ ಮಾಡುವ, ಬೆಂಝ್ ಎಲ್ಲೂ ನಿಲ್ಲದೆ ಬಂದರೆ ಸಫಾ ಅದರಲ್ಲೇ ಹೋಗಲಿ ಎಂದು ಅವನೇ ತೀರ್ಪಿನ ದಾರಿ ಹೇಳಿದ. ಆದಿತ್ಯವಾರ ಬೆಳಿಗ್ಗೆ ಹಳದಿಯ ಧೂಳು ಒರೆಸಿ ಸಿದ್ಧನಾದ. ಆ ಹೊತ್ತಿಗೆ ಬೀಫಾತಿಮ್ಮ ಸಫಾಳನ್ನು ಕರೆದುಕೊಂಡು ಕುದ್ರೋಳಿಯ ಒಂದು ಸಾವಿನ ಮನೆಗೆ ಹೋಗಿದ್ದರು.

"ಅವಳು ಬರಲಿ, ಹೋಗುವ" ಎಂದರು ಮೊಯ್ದೀನಬ್ಬರು.

"ಅಜ್ಜಿ ಯಾಕೆ ಅಜ್ಜ? ನಾವಿಬ್ಬರೇ ಸಾಕು. ಈಗಾದರೆ ಟ್ರಾಫಿಕ್ ಇಲ್ಲ."

"ಬಿಸಿಲು ಸ್ವಲ್ಪ ಏರಲಿ."

ಎದುರುಮನೆಯ ಗೇಟಿನಲ್ಲಿ ಜಯಣ್ಣ ಪೇಪರ್ ಓದುತ್ತ ನಿಂತಿದ್ದ. ವರ್ಷದಿಂದ ಆ ಮನೆಯ ಕಡೆ ಮಾತಾಡದವನು ಪೇಪರಿನಿಂದ ಕಣ್ಣೆತ್ತದೆ, ಪೇಪರಿಗೇ ಕೇಳುವವನಂತೆ ಕೇಳಿದ: "ಏನು ಬ್ಯಾರಿಗಳೇ, ಕಾರಿಗೆ ಇವತ್ತೂ ಶೀತವಾ?"

ಮೊಯ್ದೀನಬ್ಬರು ಎದ್ದು, ಗೂಟದಲ್ಲಿದ್ದ ಟೊಪ್ಪಿ ತೆಗೆದು ತಲೆಗಿಟ್ಟು, "ನಡಿ ಮೋನೆ" ಎಂದರು.

ಮೊದಲ ಸುತ್ತು ಹಳದಿಯದ್ದು, ಹೆದ್ದಾರಿ ಹಿಡಿದು ನಂತೂರಿನವರೆಗೆ. ಮೊಯ್ದೀನಬ್ಬರು ಕಣ್ಣು ಮುಚ್ಚಿ ಕೂತಿದ್ದರು.

"ಹೆದರಿಕೆಯಾ ಅಜ್ಜ?"

"ಇಲ್ಲ. ಕೇಳ್ತಾ ಇದ್ದೇನೆ."

ನಂತೂರಿನಲ್ಲಿ ಕಂಟೇನರ್ ಲಾರಿಯೊಂದರ ಹಿಂದೆ ಹಳದಿ ನಿಂತಿತು. ನಿಂತೇ ಇತ್ತು. ಸೊನ್ನೆಯಿಂದ ನೂರಕ್ಕೆ ಹೋಗಬಲ್ಲ ಕಾರು ಸೊನ್ನೆಯಿಂದ ಮೂರಕ್ಕೆ ಹೋಗಿ, ಮತ್ತೆ ಸೊನ್ನೆಗೆ ಬಂದು, ಪಕ್ಕದ ಬಸ್ಸಿನ ಕಂಡಕ್ಟರನ ಗೌರವ ಗಳಿಸಿತು. ಅವನು ಕಿಟಕಿಯಿಂದ ಬಗ್ಗಿ, "ಲಾಯ್ಕುಂಟು ಅಣ್ಣ, ಇದರ ಮೇಲಿನ ಅರ್ಧ ಎಲ್ಲಿ?" ಎಂದು ಕೇಳಿದ. ವಾಪಸ್ ಬರುವಾಗ ಪ್ರತಿ ಹಂಪಿನಲ್ಲಿ ಜಾಬಿರ್ ಒಂದು ಗುಂಡಿ ಒತ್ತಿ ಕಾರಿನ ಮೂತಿಯನ್ನು ಮೇಲೆತ್ತಬೇಕಾಯಿತು.

"ಹೇಗುಂಟು ಅಜ್ಜ?"

"ಒಳ್ಳೆಯ ಕಾರು. ರಸ್ತೆಯ ಒಂದೊಂದು ಕಲ್ಲನ್ನೂ ಬೆನ್ನಿಗೆ ಹೇಳ್ತದೆ. ಕಣ್ಣು ಮುಚ್ಚಿದರೂ ಎಲ್ಲಿದ್ದೇವೆಂದು ಗೊತ್ತಾಗ್ತದೆ." ಸ್ವಲ್ಪ ತಡೆದು ಹೇಳಿದರು, "ನಮ್ಮದು ಎಂತದ್ದೂ ಹೇಳುವುದಿಲ್ಲ."

ಹೊಗಳಿಕೆಯೋ ದೂರೋ ಜಾಬಿರನಿಗೆ ಗೊತ್ತಾಗಲಿಲ್ಲ. ಹಳೆಯ ಕಾಲದ ಐಷಾರಾಮವೆಂದರೆ ಅದೇ ತಾನೇ, ಹೊರಗಿನದ್ದು ಒಳಗೆ ತಿಳಿಯದಂತೆ ಕಟ್ಟುವುದು.

ಎರಡನೆಯ ಸುತ್ತಿಗೆ ಜಾಬಿರ್ ಬೆಂಝಿನಲ್ಲಿ ಅಜ್ಜಿಯ ಸೀಟಿನಲ್ಲಿ ಕೂತು, ಫೋನನ್ನು ಎದುರಿಗೆ ಅಂಟಿಸಿದ. ಬಾಗಿಲು ಮುಚ್ಚಿದಾಗ ಬಂದ ದಪ್ಪ ಶಬ್ದವನ್ನು ವಿಡಿಯೋಕ್ಕಾಗಿ ಇನ್ನೊಮ್ಮೆ ಮಾಡಿಸಿದ. ಮೊಯ್ದೀನಬ್ಬರು ಕೀಯನ್ನು ಅರ್ಧ ತಿರುಗಿಸಿ ಕಾದರು. ಆಮೇಲೆ ಪೂರ್ತಿ ತಿರುಗಿಸಿದರು. ಎಂಜಿನ್ ಕೆಮ್ಮಿ ನಿಂತಿತು. ಎದುರುಮನೆಯಲ್ಲಿ ಪೇಪರ್ ಮಡಚುವ ಸದ್ದಾಯಿತು.

"ದೀಪ ಆರಿತಾ?" ಎಂದು ಮೊಯ್ದೀನಬ್ಬರು ಮೆಲ್ಲಗೆ ಕೇಳಿದರು.

"ಯಾವ ದೀಪ?"

"ಎದುರು ಉಂಟಲ್ಲ, ಕಿತ್ತಳೆ ಬಣ್ಣದ್ದು. ನೋಡಿ ಹೇಳು."

ಅಜ್ಜ ಪಾಠ ಹೇಳಿಕೊಡುತ್ತಿದ್ದಾರೆಂದು ಜಾಬಿರ್ ತಿಳಿದ. "ಹಾಂ, ಈಗ ಆರಿತು." ಕಾರು ಸ್ಟಾರ್ಟ್ ಆಯಿತು.

"ಹಾಲ್‌ಗೆ ಹೋಗುವ ದಾರಿಯಲ್ಲೇ ಹೋಗುವ ಅಜ್ಜ. ಮಾರ್ಕೆಟ್ ದಾಟಿ."

ಮೊಯ್ದೀನಬ್ಬರು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು. ಬೆಂಝ್ ನಡೆಯುವವರ ಹಿಂದೆ ಹಿಂದೆಯೇ ಹೋಯಿತು. ಕೈಚೀಲ ಹಿಡಿದ ಹೆಂಗಸೊಬ್ಬಳು ಅದನ್ನು ಹಿಂದೆ ಹಾಕಿದಳು. ಜಾಬಿರ್ ಫೋನಿಗೆ ಹೇಳಿದ: "ನೋಡಿ ಫ್ರೆಂಡ್ಸ್, ಇದು ಕ್ಲಾಸಿಕ್ ಲಕ್ಷುರಿ. ಇಲ್ಲಿ ಅವಸರ ಎಂಬುದೇ ಇಲ್ಲ. ರಾಜರ ನಡೆ."

"ಮೋನೆ, ಫೋನಿಗೆ ಬೇಡ. ನನ್ನ ಹತ್ತಿರ ಮಾತಾಡು."

"ಎಂತ ಮಾತಾಡುವುದು ಅಜ್ಜ?"

"ಎದುರು ಎಂತ ಕಾಣ್ತದೋ ಅದು. ನಿನ್ನ ಅಜ್ಜಿ ಮಾತಾಡುವುದಿಲ್ಲವಾ?"

ಜಾಬಿರ್ ನಕ್ಕು, ಸಸ್ಪೆನ್ಶನ್ನಿನ ಬಗ್ಗೆ ಮಾತಾಡಿದ.

ಮಾರ್ಕೆಟ್ ದಾಟಿ ಮೂರು ರಸ್ತೆ ಸೇರುವಲ್ಲಿ ಹಿಂದೆ ಒಂದು ಪುಟ್ಟ ಸರ್ಕಲ್ ಇತ್ತು. ನಡುವೆ ನೀರು ಬಾರದ ಒಂದು ಕಾರಂಜಿ, ಅದರ ಸುತ್ತ ಕಬ್ಬಿಣದ ಬೇಲಿ. ರಸ್ತೆ ಅಗಲ ಮಾಡುವಾಗ ಅದನ್ನು ಕಿತ್ತು, ಕಾಂಕ್ರೀಟ್ ಹಾಕಿ, ವರ್ಷದ ಮೇಲಾಗಿತ್ತು. ಈಗ ಅಲ್ಲಿರುವುದು ಬೋಳು ನೆಲ. ಬೆಂಝ್ ಅಲ್ಲಿಗೆ ಬಂದು ನಿಧಾನಿಸಿತು. ಮೊಯ್ದೀನಬ್ಬರು ಮರ್ಯಾದೆಯಿಂದ ಹಾರ್ನ್ ಮಾಡಿದರು, ಎಡಕ್ಕೆ ಸರಿದರು, ಆಮೇಲೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸುತ್ತ ಆ ಇಲ್ಲದ ಸರ್ಕಲನ್ನು ಅದರ ಹಳೆಯ ಅಳತೆಗೆ ಸರಿಯಾಗಿ ಸುತ್ತತೊಡಗಿದರು.

ನೇರವಾಗಿ ಬರುತ್ತಿದ್ದ ಸ್ಕೂಟರಿನವನೊಬ್ಬ ಬ್ರೇಕ್ ಹಾಕಿ, ಜಾರಿ, ಒಂದು ಕಾಲನ್ನು ನೆಲಕ್ಕೂರಿ ಹೇಗೋ ನಿಂತ. ಅವನ ಹಿಂದೆ ಕೂತಿದ್ದ ಹೆಂಗಸಿನ ಚೀಲದಿಂದ ಈರುಳ್ಳಿ ರಸ್ತೆಗೆಲ್ಲ ಉರುಳಿತು. ಅವಳ ಮಡಿಲಲ್ಲಿ ಒಂದು ಮಗು ಇತ್ತು. ಮಗು ಅಳಲಿಲ್ಲ. ಬೆಂಝಿನ ನಕ್ಷತ್ರವನ್ನೇ ನೋಡುತ್ತಿತ್ತು.

"ಏ ಅಜ್ಜೇರೇ, ಕಣ್ಣು ಕಾಣುವುದಿಲ್ಲವಾ ನಿಮಗೆ?" ಎಂದು ಸ್ಕೂಟರಿನವನು ಕೂಗಿದ.

ರಸ್ತೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ. ಉತ್ತರ ಬೇಕೆಂದು ಕೇಳುವವರಿಲ್ಲ, ಕೊಡುವವರೂ ಇಲ್ಲ.

"ಇಲ್ಲ" ಎಂದರು ಮೊಯ್ದೀನಬ್ಬರು. ಅದು ಜಾಬಿರನಿಗೆ ಮಾತ್ರ ಕೇಳಿಸಿತು.

ಅವನು ಇಳಿದು ಕ್ಷಮೆ ಕೇಳಿದ, ಈರುಳ್ಳಿ ಹೆಕ್ಕಿಕೊಟ್ಟ. ಮರಳಿ ಬಂದಾಗ ಅಜ್ಜ ಎರಡೂ ಕೈಯನ್ನು ಸ್ಟೇರಿಂಗಿನ ಮೇಲಿಟ್ಟು ಹಾಗೆಯೇ ಕೂತಿದ್ದರು.

"ಅಜ್ಜ, ಇಲ್ಲಿಯ ಸರ್ಕಲ್ ತೆಗೆದು ತುಂಬ ಸಮಯ ಆಯ್ತು."

"ಹೌದಾ? ನಿನ್ನ ಅಜ್ಜಿ ಹೇಳಲಿಲ್ಲ. ಈ ಕಡೆ ನಾವು ಬರುವುದೇ ಇಲ್ಲ. ಅವಳ ದಾರಿಗಳಲ್ಲಿ ಸಿಗ್ನಲ್ ಇಲ್ಲ, ಸರ್ಕಲ್ ಇಲ್ಲ." ಉಸಿರು ಬಿಟ್ಟು ಹೇಳಿದರು, "ಕಣ್ಣಿನ ನಡುವೆ ಒಂದು ಕಪ್ಪು ಕೂತಿದೆ ಮೋನೆ. ಬದಿಯಲ್ಲಿ ಸ್ವಲ್ಪ ಬೆಳಕು. ನಿನ್ನ ಮುಖ ನೋಡಬೇಕಾದರೆ ನಾನು ನಿನ್ನ ಕಿವಿಯ ಆಚೆ ನೋಡಬೇಕು. ಡಾಕ್ಟರು ಹೇಳಿದ್ದಾರೆ, ಹೋದದ್ದು ಬರುವುದಿಲ್ಲ."

"ಎಷ್ಟು ಸಮಯದಿಂದ?"

"ಕಾರಿಗೆ ಶೀತ ಶುರುವಾದಂದಿನಿಂದ."

ಆಮೇಲೆ ಮೊಯ್ದೀನಬ್ಬರು ಬಾಗಿಲು ತೆರೆದು ಇಳಿದರು. ಬಾನೆಟ್ಟಿನ ಮೇಲೆ ಅಂಗೈ ಆಡಿಸುತ್ತ, ನಕ್ಷತ್ರದ ಹತ್ತಿರ ಒಂದು ಕ್ಷಣ ತಡೆದು, ಕಾರನ್ನು ಸುತ್ತಿ ಬಂದು ಹೆಂಡತಿಯ ಸೀಟಿನ ಬಾಗಿಲಿನ ಹತ್ತಿರ ನಿಂತರು. ಜಾಬಿರ್ ಸ್ಟೇರಿಂಗಿನ ಸೀಟಿಗೆ ಸರಿದ. ಫೋನು ಇನ್ನೂ ವಿಡಿಯೋ ತೆಗೆಯುತ್ತಿತ್ತು. ಹೊರಡುವ ಮುಂಚೆ ಅವನು ಅದನ್ನು ಅಳಿಸಿದ. ಸಂಜೆ ಗೆಳೆಯರು ಕೇಳಿದಾಗ ಫೋನಿನ ಮೆಮೊರಿ ತುಂಬಿತ್ತು ಎಂದ. ತಪ್ಪನ್ನು ಯಂತ್ರದ ಮೇಲೆ ಹಾಕುವುದು ಆ ಮನೆಯಲ್ಲಿ ಮೂರನೆಯ ತಲೆಮಾರಿಗೂ ಬಂದಿತ್ತು.

ಕುದ್ರೋಳಿಯಿಂದ ಬಂದ ಬೀಫಾತಿಮ್ಮ ಅಂಗಳದಲ್ಲಿ ಬೆಂಝ್ ನಿಂತ ರೀತಿ ನೋಡಿಯೇ ಬೇರೆ ಯಾರೋ ನಿಲ್ಲಿಸಿದ್ದೆಂದು ತಿಳಿದರು. ಸಫಾಳನ್ನು ಹೊರಗಿನ ಕೆಲಸಕ್ಕೆ ಕಳಿಸಿ, ಒಳಗೆ ಬಂದು ಬುರ್ಖಾ ಕೂಡ ತೆಗೆಯದೆ ಕೂತರು.

"ಯಾರಿಗಾದರೂ ತಾಗಿತಾ?"

"ಇಲ್ಲ ಅಜ್ಜಿ. ಒಂದು ಮಗು ಇತ್ತು. ತಾಗಲಿಲ್ಲ."

ಬೀಫಾತಿಮ್ಮ ಕಣ್ಣು ಮುಚ್ಚಿ ಏನೋ ಹೇಳಿಕೊಂಡರು.

"ನಿಮಗೆ ಗೊತ್ತಿದ್ದೂ ಕೂತಿರಿ. ರಸ್ತೆಯಲ್ಲಿ ಬೇರೆಯವರೂ ಇರ್ತಾರಲ್ಲ ಅಜ್ಜಿ?"

"ಗೊತ್ತುಂಟು ಮೋನೆ. ಅದಕ್ಕೆ ಉತ್ತರ ನಾನು ನಿನಗೆ ಕೊಡುವುದಲ್ಲ, ಬೇರೆ ಕಡೆ ಕೊಡಲಿಕ್ಕುಂಟು. ಆವತ್ತು ಡಾಕ್ಟರ ಹತ್ತಿರದಿಂದ ಬಂದು ಇವರು ಕೀಯನ್ನು ನನ್ನ ಕೈಯಲ್ಲಿಟ್ಟರು. ಊಟ ಬಿಟ್ಟರು, ಮಾತು ಬಿಟ್ಟರು. ನನಗೆ ನೋಡಲಿಕ್ಕಾಗಲಿಲ್ಲ. ನಾನೇ ಹೇಳಿದೆ, ಮೀನಿಗೆ ಹೋಗುವ, ನಾನು ಹೇಳ್ತೇನೆ, ನೀವು ತಿರುಗಿಸಿ ಎಂದು."

ಮೊಯ್ದೀನಬ್ಬರು ಗೋಡೆಯ ಕಡೆ ಮುಖ ಮಾಡಿ ಹೇಳಿದರು, "ಸಫಾಳದ್ದು ಒಂದು. ಹತ್ತು ನಿಮಿಷದ ದಾರಿ. ನೀನು ಪಕ್ಕದಲ್ಲಿ ಕೂತು ಹೇಳು. ಆಮೇಲೆ ನಾನು ಕೀ ಮುಟ್ಟಿದರೆ ಕೇಳು."

"ಇಲ್ಲ."

"ಎರಡು ವರ್ಷ ಕೂತೆಯಲ್ಲ?"

"ಕೂತೆ. ನನ್ನ ಜೀವವನ್ನು ನಿಮ್ಮ ಕೈಯಲ್ಲಿಟ್ಟೆ. ಅದು ನನ್ನದು, ಇಟ್ಟೆ. ಅವಳದ್ದನ್ನು ಇಡಲಿಕ್ಕೆ ನನಗೆ ಅಧಿಕಾರ ಇಲ್ಲ. ಅನುಷ್ಕಾಳದ್ದೂ ಇರಲಿಲ್ಲ. ಅದಕ್ಕೇ ಅಲ್ಲವಾ ಕಾರಿಗೆ ಶೀತ ಬರಿಸಿದ್ದು?"

ಜಾಬಿರ್ ನಡುವೆ ಬಂದ. "ಹಾಗಾದರೆ ಸುಲಭ ಅಜ್ಜ. ಈ ಸಲವೂ ಕಾರು ಹಾಳಾಗಿದೆ ಎಂದು ಹೇಳುವ. ಸಫಾ ಹಳದಿಯಲ್ಲಿ ಬರಲಿ. ಯಾರಿಗೂ ಗೊತ್ತಾಗುವುದಿಲ್ಲ."

ಮೊಯ್ದೀನಬ್ಬರು ಗೋಡೆಯಿಂದ ಈ ಕಡೆ ತಿರುಗಿ ಹೇಳಿದರು, "ಆ ಕಾರಿಗೆ ಇಷ್ಟು ವರ್ಷ ಒಂದು ಕಾಯಿಲೆ ಇರಲಿಲ್ಲ. ನನ್ನದನ್ನೆಲ್ಲ ಅದರ ತಲೆಗೆ ಕಟ್ಟಿದೆ. ಅದು ಮಾತಾಡುವುದಿಲ್ಲ ಎಂದು ಕಟ್ಟಿದೆ. ಜಯ ಬಾಯಿ ಬಿಡುವುದಿಲ್ಲ ಎಂದು ಅವನ ತಲೆಗೂ ಕಟ್ಟಿದೆ. ಇನ್ನು ಸಾಕು."

ಸಂಜೆ, ಗೇಟು ದಾಟಿ, ಬೀಫಾತಿಮ್ಮನ ಭುಜ ಹಿಡಿದುಕೊಂಡು ಅವರು ರಸ್ತೆ ದಾಟಿದ್ದನ್ನು ಅಡ್ಡರಸ್ತೆ ನೋಡಿತು. ಅದುವರೆಗೆ ಅವರು ಹೆಂಡತಿಯನ್ನು ಬೀದಿಯಲ್ಲಿ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಅಕ್ಕು ಕುರ್ಚಿ ಹಾಕಿ, ಬೆಲ್ಲ ನೀರು ತಂದಿಟ್ಟಳು. ಲೋಟ ಎಲ್ಲಿದೆಯೆಂದು ಮೊಯ್ದೀನಬ್ಬರ ಕೈ ಹುಡುಕುವುದನ್ನು ಜಯಣ್ಣ ಗಮನಿಸಿದ. ಬಸ್ಸಿನ ಕನ್ನಡಿಯಲ್ಲಿ ಜೀವನವಿಡೀ ಹಿಂದಿನವರ ಕೈಗಳನ್ನು ನೋಡಿದವನು.

"ಜಯಾ, ಶೀತ ಕಾರಿಗಲ್ಲ ಇದ್ದದ್ದು. ನನ್ನ ಕಣ್ಣಿಗೆ."

ಪೂರ್ತಿ ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೇಳಿ ಜಯಣ್ಣ ಕರಗಲಿಲ್ಲ. ಅವನಿಗೆ ಸಿಟ್ಟು ಬಂತು.

"ಒಂದು ಮಾತು ಹೇಳಬಹುದಿತ್ತಲ್ಲ ನೀವು? ಒಂದು ವರ್ಷ! ನನ್ನ ತಲೆಯಲ್ಲಿ ಎಂತೆಂತ ಬಂತು ಗೊತ್ತುಂಟಾ? ನಾನು ನಂಬುವವನಲ್ಲ. ಹತ್ತು ಜನ ಬಂದು ಹೇಳಿದರು, ಒಂಬತ್ತು ಜನರನ್ನು ಬೈದು ಕಳಿಸಿದೆ. ಹತ್ತನೆಯವನಿಗೆ ಚಾ ಕೊಟ್ಟೆ." ಅವನ ಸ್ವರ ತಗ್ಗಿತು. "ಅನು ಬಾಡಿಗೆ ಕಾರಿನಲ್ಲಿ ಕೂರುವಾಗ ನಿಮ್ಮ ಮನೆ ಕಡೆ ಒಮ್ಮೆ ನೋಡಿದಳು. ನೀವು ಜಗಲಿಯಲ್ಲೇ ಇದ್ದಿರಿ. ಆಚೆ ನೋಡ್ತಾ ಇದ್ದಿರಿ."

"ಆಚೆ ನೋಡಿದರೆ ಮಾತ್ರ ನನಗೆ ಕಾಣುವುದು ಜಯಾ" ಎಂದರು ಮೊಯ್ದೀನಬ್ಬರು. "ಅವಳನ್ನೇ ನೋಡ್ತಾ ಇದ್ದೆ. ಕೆಂಪು ಸೀರೆ ಎಂದು ಮಾತ್ರ ಗೊತ್ತಾಯ್ತು."

ಅಕ್ಕು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಜಯಣ್ಣ ಅಂಗಳಕ್ಕಿಳಿದು, ಕಾರಣವಿಲ್ಲದೆ ಒಂದು ತೆಂಗಿನ ಮಡಲನ್ನು ಬದಿಗೆ ಎಳೆದು ಹಾಕಿ ಬಂದ. ಮೊಯ್ದೀನಬ್ಬರು ಕಿಸೆಯಿಂದ ಬೆಂಝಿನ ಕೀ ತೆಗೆದು ಎದುರಿಗೆ ಚಾಚಿದರು. ಸ್ವಲ್ಪ ತಪ್ಪಾದ ದಿಕ್ಕಿಗೆ ಚಾಚಿದ್ದರು. ಜಯಣ್ಣ ಅಲ್ಲಿಗೇ ಸರಿದು ನಿಂತ.

"ಸಫಾಳನ್ನು ನೀನು ಕರೆದುಕೊಂಡು ಹೋಗು."

"ನಾನು ಬಸ್ಸಿನವನು ಬ್ಯಾರಿಗಳೇ. ಟೈಮಿಂಗಿಗೆ ಓಡಿಸಿದವನು. ಹಿಂದಿನ ಬಸ್ಸು ಮುಂದೆ ಹೋದರೆ ನನ್ನ ಕಾಲು ಕೇಳುವುದಿಲ್ಲ."

"ಹೆದರಬೇಡ. ಅದನ್ನು ಎಷ್ಟು ಒತ್ತಿದರೂ ಅದು ಓಡುವುದಿಲ್ಲ."

ವರ್ಷದ ನಂತರ ಜಯಣ್ಣ ನಕ್ಕ. ಆಮೇಲೆ ಕೀ ತೆಗೆದುಕೊಂಡು ಹೇಳಿದ, "ಒಂದು ಶರ್ತ ಉಂಟು. ಅನು ಬರ್ತಾಳೆ ಮದುವೆಗೆ. ಅವಳೂ ಹಿಂದೆ ಕೂರ್ತಾಳೆ."

ಮದುವೆಯ ದಿನ ಬೆಂಝ್ ತೊಳೆದು ನಿಂತಿತ್ತು, ಹಿಂದಿನ ಸೀಟಿಗೆ ಬಿಳಿ ಬಟ್ಟೆ. ಸಫಾ ಅಜ್ಜನೇ ಬಾಗಿಲು ಹಿಡಿಯಬೇಕೆಂದಳು. ಅವಳಿಗೆ ವಿಷಯ ತಿಳಿಸಿದ್ದು ಬೀಫಾತಿಮ್ಮ. ಏನು ಹೇಳಿದರೋ, ಅವಳು ಏನು ಕೇಳಿದಳೋ ನಮಗೆ ತಿಳಿಯದು. ಹತ್ತುವ ಮುಂಚೆ ಅವಳು ಅಜ್ಜನ ಬಲಬದಿಗೆ ಸರಿದು, ಅವರ ಕಣ್ಣಿನ ಅಂಚಿಗೆ ಸಿಗುವಂತೆ ಒಂದು ಗಳಿಗೆ ನಿಂತಳು. ಅನುಷ್ಕಾ ಅವಳ ಒಂದು ಕಡೆ, ಬೀಫಾತಿಮ್ಮ ಇನ್ನೊಂದು ಕಡೆ ಕೂತರು. ಮೊಯ್ದೀನಬ್ಬರು ಮುಂದೆ, ಹೆಂಡತಿಯ ಸೀಟಿನಲ್ಲಿ. ಜಯಣ್ಣ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಅಭ್ಯಾಸಬಲದಿಂದ ಕಿಟಕಿಯ ಹೊರಗೆ ಬಗ್ಗಿ ಹಿಂದೆ ನೋಡಿ, ಯಾರಾದರೂ ಹತ್ತಲು ಬಾಕಿ ಇದ್ದಾರೆಯೇ ಎಂದು ಖಚಿತಪಡಿಸಿಕೊಂಡ. ಕೀಯನ್ನು ಅರ್ಧ ತಿರುಗಿಸಿದ. ದೀಪ ಹೊತ್ತಿತು. ಅದು ಆರಿದ್ದು ಅವನಿಗೇ ಕಾಣುತ್ತಿತ್ತು. ಆದರೂ ಹಿಂದಿನಿಂದ "ಬಿಸ್ಮಿಲ್ಲಾ" ಬರುವವರೆಗೆ ಕಾದ.

ಬೆಂಝಿನ ಹಿಂದೆ ಹಳದಿ ಹೊರಟಿತು. ಅದರ ಜೀವಮಾನದಲ್ಲೇ ಅಷ್ಟು ನಿಧಾನ ಹೋಗಿರಲಿಕ್ಕಿಲ್ಲ. ಒಳಗೇ ಗೊಣಗಿಕೊಂಡು, ಹಂಪುಗಳಲ್ಲಿ ಮೂತಿ ಎತ್ತಿಕೊಂಡು, ದೂರ ಕಾಯ್ದುಕೊಂಡು ಬಂತು.

ಮಾರ್ಕೆಟ್ ದಾಟಿ ಮೂರು ರಸ್ತೆ ಸೇರುವ ಬೋಳು ಜಾಗಕ್ಕೆ ಬಂದಾಗ ಜಯಣ್ಣ ನಿಧಾನಿಸಿದ. ಎಡ, ಬಲ, ಕನ್ನಡಿ ನೋಡಿದ. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಆಗ ಅವನು ಒಮ್ಮೆ ಹಾರ್ನ್ ಮಾಡಿ, ಎಡಕ್ಕೆ ಸರಿದು, ಏನೂ ಇಲ್ಲದ ಆ ನೆಲವನ್ನು ಸುತ್ತಿಕೊಂಡು ಹೋದ. ಹಿಂದಿನ ಹಳದಿಯೂ ಸುತ್ತಿತು. ಬಸ್‌ಸ್ಟಾಪಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊಯ್ದೀನಬ್ಬರ ದೇಹ ತಿರುವಿನ ಜೊತೆ ಮೆಲ್ಲಗೆ ವಾಲಿತು.

"ಸರ್ಕಲ್ ತೆಗೆದಿದ್ದಾರಂತಲ್ಲ ಜಯಾ?"

"ತೆಗೆದಿದ್ದಾರೆ. ಇಷ್ಟು ವರ್ಷ ಸುತ್ತಿದ ಕೈ ಬ್ಯಾರಿಗಳೇ. ಅದಕ್ಕೆ ಯಾರೂ ಇನ್ನೂ ನೋಟಿಸ್ ಕೊಟ್ಟಿಲ್ಲ."

"ಅಗೋ, ಎಡಕ್ಕೆ ಒಂದು ರಿಕ್ಷಾ" ಎಂದರು ಹಿಂದಿನಿಂದ ಬೀಫಾತಿಮ್ಮ, ಮತ್ತು ತಡೆದರು. ಹೇಳಬೇಕಾದ ಅಗತ್ಯ ಇರಲಿಲ್ಲ. ಕಾರಿನೊಳಗೆ ಸದ್ದಿರಲಿಲ್ಲ. ಹಳೆಯ ಬೆಂಝ್ ಹೊರಗಿನದ್ದು ಏನನ್ನೂ ಒಳಗೆ ಹೇಳುವುದಿಲ್ಲ. ಬಲ್ಮಠದ ಏರು ಶುರುವಾಗುವವರೆಗೂ ಅವರು ಸುಮ್ಮನಿದ್ದರು.

"ನೋಡಿ" ಎಂದರು ಆಮೇಲೆ. "ಸಫಾಳ ಮದರಂಗಿ ಚೆನ್ನಾಗಿ ಕೆಂಪಾಗಿದೆ. ಬೆರಳಿನ ತುದಿಯವರೆಗೆ ಉಂಟು. ಅನುಷ್ಕಾ ಹಸಿರು ಸೀರೆ ಉಟ್ಟಿದ್ದಾಳೆ, ಎಳೆ ಬಾಳೆಲೆಯ ಹಸಿರು. ಇಬ್ಬರೂ ಕೈ ಹಿಡಿದುಕೊಂಡಿದ್ದಾರೆ, ಸಣ್ಣವರಿರುವಾಗ ಕೂರುತ್ತಿದ್ದ ಹಾಗೆ."

ಮೊಯ್ದೀನಬ್ಬರು ತಿರುಗಲಿಲ್ಲ. ಮುಖವನ್ನು ಕಿಟಕಿಯ ಕಡೆ ಮಾಡಿದರು; ಹಾಗೆ ಮಾಡಿದರೆ ಅವರಿಗೆ ಚೆನ್ನಾಗಿ ಕಾಣುತ್ತಿತ್ತು.

"ಮತ್ತೆ?" ಎಂದರು.